ಇನ್ನೂರು ವರ್ಷ ತೊಟ್ಟ ಬಟ್ಟೆ

ಮಸ್ಕತ್ತಿನ ಘಾಲಾದ ಆ ಶೆಡ್ಡಿನೊಳಗೆ ಸೀಟುಗಳನ್ನೆಲ್ಲ ಕಳಚಿದ ಒಂದು ಬಿಳಿಯ ಗಾಡಿ ನಿಂತಿತ್ತು. ಅದರ ನಾಲ್ಕೂ ಬಾಗಿಲು ತೆರೆದಿದ್ದವು. ಮೇಲಿನ ತಗಡಿನ ಸಣ್ಣ ತೂತಿನಿಂದ ಮಧ್ಯಾಹ್ನದ ಬಿಸಿಲು ಒಂದೇ ಒಂದು ಎಳೆಯಾಗಿ ಇಳಿದು, ಗಾಡಿಯ ಗಾಜನ್ನು ದಾಟಿ, ಒಳಗೆ ಮಂಡಿಯೂರಿದ್ದ ಯುವಕನ ಬಲಗೈಯ ಮೇಲೆ ನಿಂತಿತ್ತು. ಆ ಕೈಯಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಸೂಜಿ. ಸೂಜಿಯ ಬೆನ್ನಿಗೆ ಕಪ್ಪು ದಾರ. ದಾರವನ್ನು ಅವನು ಎಳೆದೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಸ್ಪಂಜಿನ ಪುಡಿ ಆ ಬೆಳಕಿನಲ್ಲಿ ಬೀಳುವುದನ್ನು ಮರೆತಂತೆ ತೇಲುತ್ತಿತ್ತು. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕೆಂದು ಅವನ ಕಣ್ಣು ಹುಡುಕುತ್ತಿತ್ತು. ಉಳಿದುದೆಲ್ಲವೂ ಅದಕ್ಕಾಗಿ ಕಾದಿತ್ತು.

ಬಾಗಿಲಲ್ಲಿ ನಿಂತ ಫಿದಾ ಉಸಿರು ಬಿಗಿಹಿಡಿದಳು.

ಎಷ್ಟು ಹೊತ್ತು ಹಾಗೆ ನಿಂತಳೋ... ಸೂಜಿ ಕೊನೆಗೂ ಇಳಿಯಿತು.

"ಯಾವ ಗಾಡಿದ್ದು?" ಅವನು ತಿರುಗದೆಯೇ ಕೇಳಿದ.

"ಏನು?"

"ಸೀಟು ಮಾರಾಯ್ರೆ. ಯಾವ ಗಾಡಿಯ ಸೀಟು ಆಗಬೇಕು?"

"ಗಾಡಿಗಲ್ಲ. ಒಬ್ಬ ಹೆಂಗಸಿಗೆ."

ಈಗ ಅವನು ತಿರುಗಿದ. ಮೂವತ್ತರ ಆಸುಪಾಸು. ಕೂದಲಿನ ತುಂಬ ಸ್ಪಂಜಿನ ಪುಡಿ. "ಹೆಂಗಸರ ಬಟ್ಟೆಗೆ ರುವಿ ಪೇಟೆಗೆ ಹೋಗಿ. ಇದು ಸೀಟಿನ ಅಂಗಡಿ."

"ರುವಿಯಲ್ಲಿ ಮೂರು ಕಡೆ ಕೇಳಿ ಬಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಬುರ್ಖಾ ಹೊಲಿದು ಕೊಡ್ತೇನೆ ಅಂದರು. ಮೂರನೆಯವರು..."

"ಮೂರನೆಯವರು?"

"ನಿನ್ನ ಮದುವೆ ಯಾವಾಗ ಅಂತ ಕೇಳಿದರು."

ಒಳಗಿನ ಹಳೆಯ ಸೀಟೊಂದರ ಮೇಲೆ ಮಲಗಿದ್ದ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡೇ ಗೊಳ್ಳೆಂದು ನಕ್ಕರು. ಅವರು ಅಂಗಡಿಯ ಯಜಮಾನ ಇಸುಬು. ಘಾಲಾದಲ್ಲಿದ್ದ ಕನ್ನಡ ಕರಾವಳಿಯವರೆಲ್ಲರಿಗೂ ಇಸುಬು ಕಾಕ. "ತೋರಿಸಲಿ ಹಕೀಂ, ಎಂತ ಉಂಟು ನೋಡು. ಇಷ್ಟು ಬಿಸಿಲಿಗೆ ಬಂದಿದ್ದಾಳೆ ಹುಡುಗಿ!"

ಫಿದಾ ತನ್ನ ಚಿತ್ರದ ಸುರುಳಿಯನ್ನು ಗಾಡಿಯ ಬಾನೆಟ್ಟಿನ ಮೇಲೆ ಬಿಡಿಸಿದಳು.

ಗಾಳಿ ಎಂದೂ ನಿಲ್ಲದ ಒಂದು ಗ್ರಹ. ಅಲ್ಲಿ ಇನ್ನೂರು ವರ್ಷಗಳಿಂದ ಒಬ್ಬಳೇ ಉಳಿದಿರುವ ಕಾವಲುಗಾರ್ತಿ. ಭೂಮಿಯಿಂದ ಬರಬೇಕಾದ ನೌಕೆಗಾಗಿ ಕಾಯುತ್ತಿರುವ ಆಕೆಗೆ ಇರುವುದು ಒಂದೇ ಉಡುಪು. ಬೆನ್ನಿನಿಂದ ಹಿಮ್ಮಡಿಯವರೆಗೆ ಮರಳಿನ ಅಲೆಗಳಂತೆ ಸಾಲುಸಾಲು ಏಣುಗಳು, ಗಾಳಿ ತಾಗಿದರೆ ಜಾರಿಹೋಗುವಂತೆ. ಮಂಗಳೂರಿನ ಆಲ್ಸ್ಟನ್ ನಿರ್ದೇಶಿಸುತ್ತಿದ್ದ ಕನ್ನಡ ಚಿತ್ರದ ನಾಯಕಿ ಇವಳು. ವಾದಿ ಕಬೀರಿನಲ್ಲಿ ಬೆಳೆದು, ಮಂಗಳೂರಿನಲ್ಲಿ ವಸ್ತ್ರವಿನ್ಯಾಸ ಕಲಿತು, ಮಸ್ಕತ್ತಿಗೆ ಮರಳಿ ಶಾಲಾ ನಾಟಕಗಳಿಗೆ ಬಟ್ಟೆ ಒದಗಿಸುತ್ತಿದ್ದ ಫಿದಾಳಿಗೆ ಇದು ಮೊದಲ ಸಿನಿಮಾ. ಶರ್ಕಿಯಾದ ಮರಳುಗಾಡಿನಲ್ಲಿ ತೆಗೆಯುವ ಮೊದಲ ದೃಶ್ಯಕ್ಕೆ ಉಡುಪು ಒಪ್ಪಿಗೆಯಾಗದಿದ್ದರೆ ಕಂಪ್ಯೂಟರಿನಲ್ಲೇ ಬಟ್ಟೆ ಬಿಡಿಸಿಕೊಳ್ಳುವುದಾಗಿ ಆಲ್ಸ್ಟನ್ ಮೊದಲೇ ಹೇಳಿಬಿಟ್ಟಿದ್ದರು. ಆಗ ಅವಳ ಆರು ತಿಂಗಳ ಕೆಲಸಕ್ಕೂ ಹೆಸರಿಗೂ ಚಿತ್ರದಲ್ಲಿ ಜಾಗವಿರುವುದಿಲ್ಲ.

ಹಕೀಂ ಸುರುಳಿಯ ಮೇಲೆ ಬಾಗಿ ನೋಡಿದ.

"ಇವರು ಕೂತುಕೊಳ್ತಾರಾ?"

"ಯಾರು?"

"ಈ ಹೆಂಗಸು. ಇನ್ನೂರು ವರ್ಷ ನಿಂತೇ ಇರಲಿಕ್ಕೆ ಆಗ್ತದಾ? ಕೂತರೆ ಸೊಂಟದ ಹತ್ತಿರ ಮಡಚುತ್ತದೆ. ಮಡಚಿದಲ್ಲಿ ಮೊದಲು ಸವೆಯುವುದು. ಅಲ್ಲಿಗೆ ಬೇರೆಯೇ ಹೊಲಿಗೆ ಬೇಕು."

ಫಿದಾ ದಂಗಾದಳು!

ಆರು ತಿಂಗಳು ಅವಳು ನಕ್ಷತ್ರಗಳ ಬಣ್ಣವನ್ನು ಯೋಚಿಸಿದ್ದಳು, ಗಾಳಿಯ ದಿಕ್ಕನ್ನು ಯೋಚಿಸಿದ್ದಳು. ಆ ಒಂಟಿ ಹೆಂಗಸು ದಣಿದು ಒಂದು ಕಲ್ಲಿನ ಮೇಲೆ ಕೂರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಎಣ್ಣೆಮಸಿಯ ಈ ಶೆಡ್ಡಿನಲ್ಲಿ, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬ, ಆ ಕಾವಲುಗಾರ್ತಿಯನ್ನು ಮೊದಲ ಸಲ ಜೀವವಿರುವ ಹೆಣ್ಣಾಗಿ ಕಂಡಿದ್ದ.

'ಯಾರು ಇವನು...?' ಎಂದು ಅವಳ ಮನಸ್ಸು ಕೇಳಿತು.

* * *

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಘಾಲಾದ ಅಂಗಡಿಗಳು ಮುಚ್ಚುತ್ತವೆ. ಆ ಮೂರು ಗಂಟೆಗಳೇ ಉಡುಪಿನ ಹೊತ್ತಾದವು.

ಉಳ್ಳಾಲದ ಹಕೀಂ ಹದಿನೆಂಟನೇ ವಯಸ್ಸಿಗೆ ಬಸ್ಸಿನ ಸೀಟು ಹೊಲಿಯಲು ಕಲಿತವನು. ಅವನು ಏಣುಗಳಿಗೆ ಸ್ಪಂಜು ತುಂಬುತ್ತಿದ್ದರೆ ಫಿದಾ ಎದುರು ಕುಳಿತು ಬಟ್ಟೆ ಕತ್ತರಿಸುತ್ತಿದ್ದಳು. ಅಲ್ಲೇ ಸೀಟಿನ ಮೇಲೆ ಇಸುಬು ಕಾಕನ ಗೊರಕೆ. ಒಮ್ಮೊಮ್ಮೆ ಮಾತಿನ ನಡುವೆ ಅದು ತಟಕ್ಕನೆ ನಿಂತುಹೋದಾಗ ಇಬ್ಬರಿಗೂ ನಗು.

"ಕಾಕ ಎಚ್ಚರ ಇದ್ದಾರೆ," ಫಿದಾ ಪಿಸುಗುಡುತ್ತಿದ್ದಳು.

"ಇಲ್ಲ, ನಿದ್ದೆಯಲ್ಲಿಯೇ ಕೇಳಿಸಿಕೊಳ್ತಾರೆ. ಅಭ್ಯಾಸ ಅವರಿಗೆ."

ಆ ಅಂಗಡಿಗೊಂದು ಕ್ರಮವಿತ್ತು. ಒಂದು ಗುಂಡಿ ಹಾಕಿಸಲು ಬಂದ ಗಾಡಿಯಾದರೂ ಸರಿ, ಒಳಗೆಲ್ಲ ಗುಡಿಸಿ, ಒರೆಸಿ, ಕಣ್ಣಿಗೆ ಬಿದ್ದ ಹರಕನ್ನೆಲ್ಲ ಹೊಲಿದೇ ಹೊರಗೆ ಕಳಿಸುತ್ತಿದ್ದರು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಮ್ಮೆ ಟ್ಯಾಕ್ಸಿಯ ಒಮಾನಿ ಚಾಲಕನೊಬ್ಬ ತನ್ನ ಗಾಡಿಯನ್ನು ಗುರುತಿಸಲಾರದೆ ಬೇರೆ ಗಾಡಿಯ ಬಾಗಿಲು ಎಳೆಯುತ್ತಿದ್ದುದನ್ನು ಕಂಡು ಫಿದಾ ಹೊಟ್ಟೆ ಹಿಡಿದು ನಕ್ಕಿದ್ದಳು.

ನಲವತ್ತು ದಿನಗಳ ಬಳಿಕ ಉಡುಪು ಮುಗಿಯಿತು. ಅಳತೆ ನೋಡಲು ಫಿದಾ ತಾನೇ ಅದನ್ನು ತೊಟ್ಟು ಪರದೆಯ ಹಿಂದಿನಿಂದ ಹೊರಗೆ ಬಂದಳು.

ಹಕೀಮನ ಕೈಯಿಂದ ಕತ್ತರಿ ಜಾರಿ ಬಿತ್ತು.

ಬೂದುಬಣ್ಣದ ಸಾಲುಗಳು ಅವಳ ಉಸಿರಿನೊಂದಿಗೆ ಏರಿ ಇಳಿಯುತ್ತಿದ್ದವು. ತಾನು ದಿನವೂ ಮುಟ್ಟುವ ಅದೇ ಸ್ಪಂಜು, ಅದೇ ರೆಕ್ಸಿನ್, ಅದೇ ದಾರ! ಆದರೆ ಎದುರಿಗೆ ನಿಂತದ್ದು ಈ ಲೋಕಕ್ಕೆ ಸೇರಿರಲಿಲ್ಲ. ಯಾವುದೋ ದೂರದ ಆಕಾಶ ಈ ತಗಡಿನ ಮಾಡಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದಂತಿತ್ತು.

"ಸುಭಾನಲ್ಲಾಹ್..." ಎಂದ ಹಕೀಂ. ಅಷ್ಟೇ.

ಆ ಒಂದು ಪದಕ್ಕೆ ಅವಳ ಕೆನ್ನೆ ಬಿಸಿಯಾಯಿತು. ಅವನು ನೋಡುತ್ತಿರುವುದು ಉಡುಪನ್ನೋ, ತನ್ನನ್ನೋ? ಕೇಳುವ ಧೈರ್ಯ ಅವಳಿಗಿರಲಿಲ್ಲ.

* * *

ಆದರೆ ಹೊಸದಾಗಿ ಹೊಳೆಯುವ ಬಟ್ಟೆ ಇನ್ನೂರು ವರ್ಷದ ಬಟ್ಟೆಯಾಗದು. ಸಿನಿಮಾದ ಉಡುಪುಗಳನ್ನು ಹಳತು ಮಾಡುವುದೇ ಒಂದು ವಿದ್ಯೆ. ಉಜ್ಜುಕಾಗದದಿಂದ ತೀಡಬೇಕು, ಚಹಾದ ನೀರಿನಲ್ಲಿ ಅದ್ದಬೇಕು, ಮಣ್ಣು ತಿಕ್ಕಬೇಕು, ಬ್ಲೇಡಿನಿಂದ ಅಲ್ಲಲ್ಲಿ ಸೀಳಬೇಕು.

ವಾದಿ ಕಬೀರಿನ ತಮ್ಮ ಮನೆಯ ತಾರಸಿಯ ಮೇಲೆ ಹದಿನೇಳು ದಿನ ಫಿದಾ ಆ ಕೆಲಸ ಮಾಡಿದಳು. ಮೊದಲ ಸೀಳಿಗೆ ಬ್ಲೇಡು ಇಟ್ಟು ಮೂರು ಸಲ ತೆಗೆದಳು. ಹಕೀಂ ಬೆರಳು ಚುಚ್ಚಿಕೊಂಡು ಹೊಲಿದ ಹೆಗಲು ಅದು!

'ಹೇಳಿಬಿಡಬೇಕು ಅವನಿಗೆ... ನಾಳೆ ಹೇಳುತ್ತೇನೆ.'

ಆ ನಾಳೆ ಬರಲಿಲ್ಲ. ಅವನ ಮುಖ ನೋಡಲಾರದೆ ಅವಳು ಘಾಲಾದ ಕಡೆ ಹೋಗುವುದನ್ನೇ ಬಿಟ್ಟಳು. ಹರಿದು ಮಾಸಿದ ಉಡುಪಿನ ಫೋಟೋ ನೋಡಿ ಆಲ್ಸ್ಟನ್ ಒಪ್ಪಿದರು. ಶುಕ್ರವಾರ ಸಂಜೆಯ ಬೆಳಕಿಗೆ ಮೊದಲ ದೃಶ್ಯವೆಂದೂ ಗೊತ್ತಾಯಿತು.

ಬುಧವಾರ ಉಡುಪಿನ ಕುತ್ತಿಗೆಯ ಸುತ್ತ ಕೂರಿಸಿದ್ದ ಬಳೆ ಸಡಿಲಾಯಿತು. ಫಿದಾ ತನ್ನ ಸಹಾಯಕಿ ಪ್ರಿನ್ಸಿಯ ಕೈಯಲ್ಲಿ ಅದನ್ನು ಘಾಲಾಕ್ಕೆ ಕಳಿಸಿದಳು. "ಬಳೆ ಗಟ್ಟಿ ಮಾಡಬೇಕಂತೆ, ಖಲಾಸ್. ಬೇರೆ ಮಾತು ಬೇಡ," ಎಂದು ಹೇಳಿಕೊಟ್ಟಳು.

ಗುರುವಾರ ಮಧ್ಯಾಹ್ನ ಉಡುಪನ್ನು ತರಲು ತಾನೇ ಹೋದಳು. ಹಕೀಂ ಬಾಗಿಲಲ್ಲೇ ಕಾದಿದ್ದ. ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ಬೆಳಗು ಮೂಡಿದಂಥ ಸಂತೋಷ.

"ಬನ್ನಿ ಫಿದಾ, ಬನ್ನಿ. ಹೆದರಬೇಡಿ. ಎಲ್ಲ ಸರಿ ಮಾಡಿದ್ದೇನೆ!"

ಕೊಕ್ಕೆಯಲ್ಲಿ ಉಡುಪು ತೂಗುತ್ತಿತ್ತು. ಮಣ್ಣಿಲ್ಲ. ಚಹಾದ ಕಲೆಯಿಲ್ಲ. ಹನ್ನೊಂದು ಸೀಳುಗಳೂ ಮುಚ್ಚಿದ್ದವು. ಹೆಗಲಿಗೆ, ಮಂಡಿಗೆ, ಪಕ್ಕೆಗೆ ಸಣ್ಣ ಸಣ್ಣ ತೇಪೆಗಳು. ಅವುಗಳ ಸುತ್ತ ಬಾಗಿದ ಸೂಜಿಯ ಒತ್ತೊತ್ತು ಹೊಲಿಗೆ.

ಫಿದಾ ಹೆಗಲಿನ ತೇಪೆಯೊಂದನ್ನು ಮುಟ್ಟಿ ನೋಡಿದಳು.

"ಏನು ಮಾಡಿದಿರಿ ನೀವು...?"

"ಶೂಟಿಂಗಿನವರು ಎಂತ ಮನುಷ್ಯರು ಮಾರಾಯ್ರೆ! ಎಲ್ಲ ಹರಿದು ಹಾಕಿದ್ದಾರೆ. ನಿಮ್ಮ ಮೇಲೆ ಅಪವಾದ ಬರುವುದು ಬೇಡ ಅಂತ..."

"ನಾನು ಹರಿದದ್ದು!" ಅವಳ ದನಿ ಒಡೆಯಿತು. "ನಾನೇ ಹರಿದದ್ದು, ನಾನೇ ಮಣ್ಣು ಹಚ್ಚಿದ್ದು. ಹದಿನೇಳು ದಿನ! ಡೈರೆಕ್ಟರ್ ಒಪ್ಪಿದ್ದು ಆ ಹರಕನ್ನು. ನಾಳೆ ಶೂಟಿಂಗ್. ನಿಮಗೆ ಬಳೆ ಮಾತ್ರ ಗಟ್ಟಿ ಮಾಡಲಿಕ್ಕೆ ಹೇಳಿದ್ದಲ್ವಾ?"

ಹಕೀಮನ ಮುಖದ ಬೆಳಕು ನಿಧಾನವಾಗಿ ಆರಿತು. "ನೀವೇ... ಹರಿದದ್ದಾ? ನಾನು ಹೊಲಿದದ್ದನ್ನು?"

"ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ. ನೀವು ಸೀಟು ಹೊಲಿಯುವವರು. ಜನ ಅದರ ಮೇಲೆ ಕೂರ್ತಾರೆ, ಅಷ್ಟೇ!"

ಅಂದ ಕ್ಷಣವೇ ಆ ಮಾತನ್ನು ನುಂಗಿಕೊಳ್ಳಬೇಕೆನಿಸಿತು. ಆದರೆ ಅದು ಆಗಲೇ ಅವನನ್ನು ತಲುಪಿತ್ತು.

ಹಕೀಂ ಉಡುಪನ್ನು ಕೊಕ್ಕೆಯಿಂದ ಇಳಿಸಿ, ಜೋಪಾನವಾಗಿ ಮಡಚಿ, ಅವಳ ಕೈಗಿತ್ತ.

"ಹೇಳಬಹುದಿತ್ತಲ್ವಾ ಫಿದಾ? ಒಂದು ಮಾತು... ಹೇಳಿದ್ದರೆ ಹರಿಯಲಿಕ್ಕೆ ನಾನೇ ಜೊತೆಗೆ ಕೂರುತ್ತಿದ್ದೆ."

ಇಸುಬು ಕಾಕ ಆ ದಿನ ಗೊರಕೆ ಹೊಡೆಯಲಿಲ್ಲ.

* * *

ಶುಕ್ರವಾರ ಬೆಳಿಗ್ಗೆ ಬಿದಿಯಾ ಊರು ದಾಟಿದ ಮೇಲೆ ರಸ್ತೆ ಮುಗಿದು ಮರಳು ಶುರುವಾಯಿತು.

ದಿಗಂತದವರೆಗೆ ಕೆಂಪು ದಿಬ್ಬಗಳು. ಒಂದರ ಹೆಗಲ ಮೇಲೆ ಇನ್ನೊಂದರ ನೆರಳು. ಯಾರೂ ಬರೆಯದ ಸಾಲುಗಳನ್ನು ಗಾಳಿ ಬರೆಯುತ್ತಿತ್ತು, ಅಳಿಸುತ್ತಿತ್ತು, ಮತ್ತೆ ಬರೆಯುತ್ತಿತ್ತು. ಮನುಷ್ಯ ಇಲ್ಲಿ ಎಷ್ಟು ಚಿಕ್ಕವನು! ಅವನ ಸಿಟ್ಟು ಇನ್ನೆಷ್ಟು ಚಿಕ್ಕದು...

ಉಡುಪುಗಳಿಗೆಂದು ಇಟ್ಟಿದ್ದ ತಗಡಿನ ಕ್ಯಾಬಿನ್ನಿನಲ್ಲಿ ಅವಳು ಬ್ಲೇಡು ಹಿಡಿದು ಕುಳಿತಳು. ಸಂಜೆಯೊಳಗೆ ಹನ್ನೊಂದು ತೇಪೆಗಳನ್ನು ಕಿತ್ತು, ಮತ್ತೆ ಹರಿದು, ಮಣ್ಣು ಹಚ್ಚಬೇಕು. ಮಂಡಿಯ ತೇಪೆಯ ಅಂಚಿಗೆ ಬ್ಲೇಡನ್ನು ಇಟ್ಟಳು.

ಆಗ ನೋಡಿದಳು.

ಮಂಡಿಯ ತೇಪೆಯನ್ನು ಅವನು ಬಿಗಿಯಾಗಿ ಹೊಲಿದಿರಲಿಲ್ಲ. ಕಾಲು ಮಡಚಿದಾಗ ಎಳೆಯದಿರಲೆಂದು ಒಳಗೆ ಒಂದು ನೆರಿಗೆ ಬಿಟ್ಟಿದ್ದ. ಹೆಗಲಿನ ಹೊಲಿಗೆಗಳು ಎಡಗಡೆ ಒತ್ತೊತ್ತಾಗಿದ್ದವು, ಭಾರ ಹೊರುವ ಕಡೆ. ಕುತ್ತಿಗೆಯ ಬಳೆಯ ಒಳಗೆ, ಯಾವ ಕ್ಯಾಮೆರಾವೂ ಕಾಣದ ಜಾಗದಲ್ಲಿ, ಚರ್ಮ ತರಚದಿರಲೆಂದು ಮೆತ್ತನೆಯ ಬಟ್ಟೆಯ ಒಂದು ಪಟ್ಟಿ.

ಫಿದಾಳ ಕೈ ನಿಂತಿತು.

ಇನ್ನೂರು ವರ್ಷ ಒಂದೇ ಬಟ್ಟೆಯಲ್ಲಿ ಬದುಕಿದವಳು ಅದನ್ನು ಹರಿದ ಹಾಗೆಯೇ ಬಿಡುತ್ತಾಳೆಯೇ? ಗಾಳಿ ನುಗ್ಗುವ ಪ್ರತಿ ತೂತನ್ನೂ ಅವಳು ಕುಳಿತು ಹೊಲಿದುಕೊಂಡಿರುವುದಿಲ್ಲವೇ? ಅವಳ ಇನ್ನೂರು ವರ್ಷಗಳು ಹರಕಿನಲ್ಲಿ ಎಲ್ಲಿವೆ? ಈ ಹೊಲಿಗೆಗಳಲ್ಲಲ್ಲವೇ ಇರುವುದು!

ಕಣ್ಣೀರು ತೇಪೆಯ ಮೇಲೆ ಬಿತ್ತು. ಅವಳು ಬ್ಲೇಡನ್ನು ಕೆಳಗಿಟ್ಟಳು. ಹೊರಗಿನಿಂದ ಮರಳು ತಂದು, ಹೊಲಿಗೆಗಳ ಸಂದಿಗೆ ಬೆರಳಿನಿಂದ ತುಂಬತೊಡಗಿದಳು.

ಜುಮ್ಮಾ ನಮಾಜು ಮುಗಿಯುವ ಹೊತ್ತು ಕಳೆದಿತ್ತು. ಬಾಗಿಲು ಬಡಿದ ಸದ್ದಾಯಿತು.

ಹಕೀಂ ನಿಂತಿದ್ದ! ಅವನ ಹಿಂದೆ, ದೂರದಲ್ಲಿ ಇಸುಬು ಕಾಕನ ಪಿಕಪ್ಪು. ಹಕೀಮನ ಕೈಯಲ್ಲಿ ಅಂಗಡಿಯ ಬ್ಲೇಡು, ಉಜ್ಜುಕಾಗದ.

"ಎಲ್ಲೆಲ್ಲಿ ಹೊಲಿದದ್ದು ಅಂತ ನನಗೆ ಗೊತ್ತುಂಟಲ್ಲ," ಅವನು ಅವಳ ಮುಖ ನೋಡದೆ ಹೇಳಿದ. "ಕೀಳಲಿಕ್ಕೆ ನಿಮಗೆ ತುಂಬ ಹೊತ್ತು ಬೇಕು. ನಾನಾದರೆ ಒಂದು ಗಂಟೆ. ನಾನೇ ಹರಿದು ಕೊಡ್ತೇನೆ. ಬಿದಿಯಾದಲ್ಲಿ ನಮಾಜು ಮುಗಿಸಿ ನೇರ ಬಂದದ್ದು."

ಇನ್ನೂರ ಇಪ್ಪತ್ತು ಕಿಲೋಮೀಟರ್... ತನ್ನದೇ ಹೊಲಿಗೆಯನ್ನು ತಾನೇ ಕೀಳಲು!

"ಬೇಡ," ಎಂದಳು ಫಿದಾ.

"ಇನ್ನೂ ಸಿಟ್ಟಾ?"

"ಮುಟ್ಟಿದರೆ ಜಾಗ್ರತೆ! ಒಂದು ದಾರ ಸಹ ಕೀಳಲಿಕ್ಕೆ ಬಿಡುವುದಿಲ್ಲ ನಾನು."

ಅವನು ಏನೂ ತಿಳಿಯದೆ ಅವಳನ್ನು ನೋಡಿದ. ಅಷ್ಟರಲ್ಲಿ ಆಲ್ಸ್ಟನ್ ಒಳಗೆ ಬಂದರು. ಉಡುಪನ್ನು ನೋಡಿದರು, ಕೈಯಲ್ಲಿದ್ದ ಫೋಟೋ ನೋಡಿದರು.

"ಎಂತ ಫಿದಾ ಇದು? ನಾನು ಓಕೆ ಮಾಡಿದ್ದು ಇದಾ?"

"ಅಲ್ಲ ಸರ್."

"ಬೆಳಕಿಗೆ ಇನ್ನು ಎರಡು ಗಂಟೆ ಉಂಟು. ಇದು ಆಗದಿದ್ದರೆ ಕಂಪ್ಯೂಟರಿನವರಿಗೆ ಫೋನ್ ಮಾಡ್ತೇನೆ. ಮತ್ತೆ ನನ್ನನ್ನು ದೂರಬೇಡಿ."

ಫಿದಾ ಈಗಲೂ ಬ್ಲೇಡು ಎತ್ತಿಕೊಳ್ಳಬಹುದಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ಒಮ್ಮೆ ಲೋಲಾಕ್ಷಿಯಮ್ಮ ಹಾಕಿಕೊಂಡು ನಡೆಯಲಿ ಸರ್. ಒಂದೇ ಒಂದು ಸಲ. ಆಮೇಲೂ ಬೇಡ ಅಂತ ಅನ್ನಿಸಿದರೆ ನನ್ನ ಹೆಸರು ತೆಗೆದುಬಿಡಿ."

* * *

ಕಾವಲುಗಾರ್ತಿಯ ಪಾತ್ರದ ಲೋಲಾಕ್ಷಿಯಮ್ಮ ಅರವತ್ತು ದಾಟಿದ ರಂಗನಟಿ. ಉಡುಪು ತೊಟ್ಟು ಅವರು ದಿಬ್ಬದ ನೆತ್ತಿಗೆ ಏರಿದರು. ಕೆಳಗೆ ನೂರು ಜನ, ಕ್ಯಾಮೆರಾ, ಗಾಡಿಗಳು.

ಸೂರ್ಯ ಇಳಿಯುತ್ತಿದ್ದ. ಗಾಳಿ ಎದ್ದಿತು.

ಮರಳು ಅವರ ಬೆನ್ನಿನ ಏಣುಗಳ ಮೇಲೆ ಹರಿದು ಹೋಯಿತು, ದಿಬ್ಬದ ಸಾಲು ಎಲ್ಲಿ ಮುಗಿಯಿತು, ಉಡುಪಿನ ಸಾಲು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ. ಅವರು ನಾಲ್ಕು ಹೆಜ್ಜೆ ನಡೆದರು. ನಿಂತರು. ಯಾರೂ ಹೇಳಿಕೊಡದಿದ್ದರೂ ಬಗ್ಗಿ, ಮಂಡಿಯ ತೇಪೆಯ ಮೇಲೆ ಒಂದು ಬೆರಳು ಆಡಿಸಿದರು. ಎಂದೋ ಒಂದು ಸಂಜೆ ತಾನೇ ಕೂತು ಹೊಲಿದದ್ದು ಇನ್ನೂ ಹಿಡಿದಿದೆಯೇ ಎಂದು ನೋಡುವವಳಂತೆ. ಆಮೇಲೆ ತಲೆಯೆತ್ತಿ ಖಾಲಿ ಆಕಾಶವನ್ನು ನೋಡಿದರು.



ಒಮಾನಿ ಚಾಲಕರು ಚಹಾದ ಲೋಟ ಹಿಡಿದೇ ಎದ್ದು ನಿಂತಿದ್ದರು. ದಿಬ್ಬದ ಮೇಲೆ ಇದ್ದದ್ದು ಈಗ ಲೋಲಾಕ್ಷಿಯಮ್ಮ ಆಗಿರಲಿಲ್ಲ. ಇನ್ನೂರು ವರ್ಷ ಕಾದವಳು ಅಲ್ಲಿ ನಿಂತಿದ್ದಳು. ಆ ಕಾಯುವಿಕೆಯ ಮುಂದೆ ಮರಳುಗಾಡೂ ತುಸು ಚಿಕ್ಕದಾಗಿ ಕಂಡಿತು.

ಫಿದಾ ಪಕ್ಕಕ್ಕೆ ತಿರುಗಿದಳು. ಹಕೀಮನ ಕಣ್ಣುಗಳು ತುಂಬಿದ್ದವು.

"ಇದು... ನಾವು ಮಾಡಿದ್ದಾ?" ಅವನು ಪಿಸುಗುಟ್ಟಿದ.

"ಹೌದು, ನಾವು."

ಕಟ್ ಹೇಳಬೇಕಾದ ಆಲ್ಸ್ಟನ್ ಅದನ್ನೇ ಮರೆತಿದ್ದರು. ಕೊನೆಗೆ ದಿಬ್ಬದ ಮೇಲಿಂದಲೇ, "ಏ ಆಲ್ಸ್ಟನ್, ನಾನು ಇಳಿಯುವುದಾ ಬೇಡವಾ ಮಾರಾಯಾ!" ಎಂಬ ಕೂಗು ಬಂದಾಗ ಎಲ್ಲರೂ ಒಮ್ಮೆಲೇ ನಕ್ಕರು.

ಆಲ್ಸ್ಟನ್ ಫಿದಾಳ ಬಳಿ ಬಂದರು. "ಈ ಹೊಲಿಗೆಗಳು ನೀವು ಬರೆದ ಚಿತ್ರದಲ್ಲಿ ಇರಲಿಲ್ಲ."

"ಇರಲಿಲ್ಲ ಸರ್. ಇರಬೇಕಿತ್ತು. ನನಗೆ ಹೊಳೆಯಲಿಲ್ಲ. ಹೊಲಿದದ್ದು ಇವರು, ಹಕೀಂ."

ಆಲ್ಸ್ಟನ್ ಹಕೀಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮ ಪೂರ್ತಿ ಹೆಸರು ಫಿದಾ ಹತ್ತಿರ ಬರೆಸಿಬಿಡಿ. ಪರದೆಯ ಮೇಲೆ ಇಬ್ಬರದೂ ಬರಬೇಕು. ಒಂದೇ ಸಾಲಿನಲ್ಲಿ."

* * *

ಕ್ಯಾಬಿನ್ನಿನಲ್ಲಿ ಉಡುಪನ್ನು ಕೊಕ್ಕೆಗೆ ಹಾಕಿ ಫಿದಾ ಅವನ ಕಡೆ ತಿರುಗಿದಳು. ಕಿಟಕಿಯ ಗಾಜಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು.

"ನಿನ್ನೆ ನಾನು ಆಡಿದ ಮಾತು..."

"ಬಿಡಿ. ನಾನು ಸೀಟು ಹೊಲಿಯುವವನೇ ಅಲ್ವಾ."

"ಬಿಡುವುದಿಲ್ಲ. ಆ ಮಾತಿಗೆ ತೇಪೆ ಹಾಕಲಿಕ್ಕೆ ನನಗೆ ಬರುವುದಿಲ್ಲ, ಹಕೀಂ. ಕ್ಷಮಿಸಿ ಅಂತ ಮಾತ್ರ ಹೇಳಬಲ್ಲೆ." ಅವಳು ತಲೆ ತಗ್ಗಿಸಿದಳು. "ನಿಮಗೆ ಹೇಳದೆ ಹರಿದದ್ದು ಯಾಕೆ ಗೊತ್ತುಂಟಾ? ಬೇರೆ ಯಾರು ಹೊಲಿದದ್ದಾದರೂ ಧೈರ್ಯವಾಗಿ ಹೇಳಿ ಹರಿಯುತ್ತಿದ್ದೆ. ನಿಮ್ಮ ಮುಖ ಸಣ್ಣದಾಗುವುದನ್ನು ನೋಡಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ."

"ಹಾಗಾದರೆ..."

"ಹಾಗಾದರೆ ಎಂತ? ಎಲ್ಲ ಬಾಯಿಬಿಟ್ಟು ಹೇಳಬೇಕಾ?"

"ಹೇಳಿದರೆ ಒಳ್ಳೇದು," ಹಕೀಂ ಗಂಭೀರವಾಗಿ ಹೇಳಿದ. "ನಾನೇ ನೋಡಿ ತಿಳ್ಕೊಂಡರೆ ಏನಾದರೂ ರಿಪೇರಿ ಮಾಡಿಬಿಡ್ತೇನೆ."

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನೀವು ಬೇಕು ನನಗೆ," ಎಂದಳು. "ಅಷ್ಟೇ. ಇದರಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ."

ಹಕೀಂ ತಂದಿದ್ದ ಉಜ್ಜುಕಾಗದವನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

ಹೊರಗೆ ಹಾರನ್ ಮೊಳಗಿತು. "ಯಲ್ಲಾ ಹಕೀಂ! ನಾಳೆ ಅಂಗಡಿ ತೆರೆಯುವುದು ನಿನ್ನ ಮಾವನಾ?"

"ಬಂದೆ ಕಾಕಾ!" ಹಕೀಂ ಬಾಗಿಲವರೆಗೆ ಹೋಗಿ ನಿಂತು ಅವಳ ಅಪ್ಪನ ವಿಷಯ ಎತ್ತಿದ. "ಮುಂದಿನ ಶುಕ್ರವಾರ ನಿಮ್ಮ ಉಪ್ಪ ಮನೆಯಲ್ಲಿ ಇರ್ತಾರಾ?"

"ಜುಮ್ಮಾ ಮುಗಿಸಿ ಬಂದರೆ ಎಲ್ಲಿಗೂ ಹೋಗುವುದಿಲ್ಲ. ಉಪ್ಪನ ಹತ್ತಿರ ಎಂತ ಕೆಲಸ?"

"ಒಂದು ಕೇಳಲಿಕ್ಕೆ ಉಂಟು."

"ಎಂತ?"

"ನಿನ್ನನ್ನು."

ಮಾರಾಯ್ರೆ, ಬನ್ನಿ, ನೀವು ಎಂಬುದೆಲ್ಲವೂ ಆ ಒಂದು ಪದದಲ್ಲಿ ಕಳಚಿ ಬಿದ್ದವು. ಫಿದಾ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಬೇಗ ಬಾ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಅವನಿಗೆ ಕೇಳಿಸಿತು. ನಕ್ಕ, ಮರಳಿಗೆ ಕಾಲಿಟ್ಟ. ಅವನ ಹಿಂದೆ ಕ್ಯಾಬಿನ್ನಿನ ಬಾಗಿಲು ಗಾಳಿಗೆ ತಾನಾಗಿಯೇ ಸರಿದು, ಮೆತ್ತಗೆ ಮುಚ್ಚಿಕೊಂಡಿತು.